ಮರೆತದ್ದಕ್ಕೆ ದಾಖಲೆ

ಶಾಲೆಯ ಹಿಂದಿನ ಬೀದಿಯಲ್ಲಿ ಒಂದೇ ಮಿಷನ್ನಿನ ಅಂಗಡಿ ನಡೆಸುತ್ತಿದ್ದ ಆಕೆಯನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಅರ್ಧ ಶಾಲೆಯ ಸಮವಸ್ತ್ರ ಹೊಲಿದದ್ದು ಅವಳೇ. ಹೆಡ್‌ಮಾಸ್ಟರ ಸೊಂಟ ವರ್ಷಕ್ಕೆ ಎಷ್ಟು ಹಿಗ್ಗುತ್ತಿದೆ ಎಂಬ ಗುಟ್ಟೂ ಅವಳಿಗೆ ಗೊತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ.

ಅವಳ ಒಂಬತ್ತು ವರ್ಷದ ಮಗಳು ಮಾತಿಗೆ ನಿಂತರೆ ಅರಳು ಹುರಿದಂತೆ. ಪುಸ್ತಕ ಬಿಡಿಸಿದರೆ ಬಾಯಿಗೆ ಬೀಗ. ಅಕ್ಷರ ಗೊತ್ತು, ಸದ್ದೂ ಗೊತ್ತು, ಎರಡನ್ನೂ ಜೋಡಿಸುವಷ್ಟರಲ್ಲಿ ಸಾಲೇ ಕೈಜಾರುತ್ತಿತ್ತು. ಸೋಮಾರಿ ಎಂದು ಮೂರು ವರ್ಷ ಬೈಸಿಕೊಂಡ ಮೇಲೆ ವೈದ್ಯೆಯೊಬ್ಬರು ಡಿಸ್ಲೆಕ್ಸಿಯಾ ಎಂದು ಬರೆದುಕೊಟ್ಟರು. ಶಾಲೆ ಅವಳನ್ನು ವಾರಕ್ಕೆ ಮೂರು ದಿನ ವಿಶೇಷ ಶಿಕ್ಷಕಿಯ ಬಳಿ ಕೂರಿಸಿತು. ಆ ಮೇಡಂ ಮರಳಿನಲ್ಲಿ ಬರೆಸಿ, ಪದವನ್ನು ಚಪ್ಪಾಳೆ ತಟ್ಟಿ ಒಡೆಸಿ, ಓದಿಸಿಯೇ ಬಿಟ್ಟರು. ಅಷ್ಟರಲ್ಲಿ ಎರಡು ತಿಂಗಳ ಬೇಸಿಗೆ ರಜೆ ಬಂತು. ರಜೆ ಮುಗಿದಾಗ ಕಲಿತದ್ದರಲ್ಲಿ ಅರ್ಧ ಎಲ್ಲಿ ಹೋಯಿತೋ ಪತ್ತೆಯಿರಲಿಲ್ಲ.

ಮುಂದಿನ ಬೇಸಿಗೆಗಾದರೂ ಪಾಠ ಬೇಕೆಂದು ಟೈಲರಮ್ಮ ಶಿಕ್ಷಣ ಕಚೇರಿಗೆ ಹೋದಳು. ಅಧಿಕಾರಿ ಅರ್ಜಿಯನ್ನು ಎರಡೂ ಬದಿ ತಿರುಗಿಸಿ ನೋಡಿದರು.

“ರಜೇಲಿ ಪಾಠ ಬೇಕು ಅಂದ್ರೆ, ಮಗು ರಜೇಲಿ ಮರೆಯುತ್ತೆ ಅನ್ನೋದಕ್ಕೆ ದಾಖಲೆ ಬೇಕಮ್ಮ.”

“ಈ ಸಲ ಮರೆತೇ ಬಂದ್ಲಲ್ಲ ಸಾರ್.”

“ಪರೀಕ್ಷೆ ಮಾಡ್ಸಿದ್ರಾ?”

“ಶಾಲೆಗೆ ಬೀಗ ಹಾಕಿತ್ತು. ಯಾರು ಮಾಡ್ತಾರೆ?”

“ಅದೇ ಮತ್ತೆ. ಬರೋ ಬೇಸಿಗೇಲಿ ರಜೆಗೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಪರೀಕ್ಷೆ ಮಾಡ್ಸಿ. ಮರೆತಿದ್ರೆ ಖಂಡಿತ ಪಾಠ ಕೊಡ್ತೀವಿ.”

“ಯಾವಾಗ?”

“ಅದರ ಮುಂದಿನ ಬೇಸಿಗೇಲಿ.”

ಒಳ್ಳೆಯ ಸಲಹೆ ಕೊಟ್ಟ ತೃಪ್ತಿಯಿಂದ ಅವರು ಪೆನ್ನಿನ ಕ್ಯಾಪು ಮುಚ್ಚಿದರು. ಮನೆಯಲ್ಲಿ ಇದನ್ನು ಕೇಳಿದ ಮಗಳು ಯೋಚಿಸಿ, “ಹಂಗಾದ್ರೆ ನಾನು ಫೇಲಾದ್ರೆ ಪಾಸಾ, ಅಮ್ಮ?” ಎಂದಳು.

ಟೈಲರಮ್ಮ ಕ್ಯಾಲೆಂಡರ್ ನೋಡಿದಳು. ನಡುವರ್ಷದ ಹತ್ತು ದಿನದ ರಜೆ ಹತ್ತಿರವಿತ್ತು. ಅದರ ಮುಂಚೆ, ಆಮೇಲೆ ಪರೀಕ್ಷೆ ಮಾಡಲು ಮೇಡಂ ಒಪ್ಪಿದರು. ರಜೆಯ ಹಿಂದಿನ ದಿನ ಮಗಳು ನಿಮಿಷಕ್ಕೆ ನಲವತ್ತೊಂದು ಪದ ಓದಿದಳು. ರಜೆ ಮುಗಿದ ದಿನ ಇಪ್ಪತ್ತನಾಲ್ಕು. ಮತ್ತೆ ನಲವತ್ತೊಂದಕ್ಕೆ ಮುಟ್ಟಲು ಐದು ವಾರ ಹಿಡಿಯಿತು. ಟೈಲರಮ್ಮ ಎಲ್ಲವನ್ನೂ ತನ್ನ ಅಳತೆ ಪುಸ್ತಕದಲ್ಲಿ ಬರೆದು, ಪ್ರತಿ ಸಾಲಿಗೂ ಮೇಡಂ ಸಹಿ ಹಾಕಿಸಿದಳು.

ಅರ್ಜಿ ವಿಚಾರಿಸಲು ಕಚೇರಿ ಕರೆದ ಸಭೆಯಲ್ಲಿ ಏಳು ಜನ ಕೂತಿದ್ದರು. ಅವರಲ್ಲಿ ಇಬ್ಬರಿಗೆ ತಾವೇಕೆ ಬಂದಿದ್ದೇವೆಂದು ಕೊನೆಯವರೆಗೂ ತಿಳಿಯಲಿಲ್ಲ.

“ಇದು ಬಟ್ಟೆ ಅಳತೆ ಪುಸ್ತಕ,” ಎಂದರು ಅಧಿಕಾರಿ.

“ಹೌದು ಸಾರ್. ಇದ್ರಲ್ಲಿ ಒಂದು ಅಂಕಿ ತಪ್ಪಿದ್ರೆ ಜನ ಬಟ್ಟೆ ತಂದು ಮುಖಕ್ಕೆ ಎಸೀತಾರೆ. ನಿಮ್ಮ ಫೈಲಿಗೆ ಆ ಭಯ ಇಲ್ಲ.”

ಹೆಡ್‌ಮಾಸ್ಟರು ಪರಿಶೀಲಿಸುವ ಗತ್ತಿನಲ್ಲಿ ಪುಟ ತಿರುವಿದರು. ಒಂದು ಪುಟದಲ್ಲಿ ತಮ್ಮದೇ ನಾಲ್ಕು ವರ್ಷದ ಸೊಂಟ ಕಂಡಿತು. ಪುಸ್ತಕವನ್ನು ಥಟ್ಟನೆ ಮುಚ್ಚಿ, “ಅಳತೆ ಎಲ್ಲಾ ಕರಾರುವಾಕ್ಕಾಗಿದೆ,” ಎಂದರು.

“ಹತ್ತು ದಿನದ ಮರೆವು ಎರಡು ತಿಂಗಳಿಗೆ ಅನ್ವಯಿಸುತ್ತಾ?” ಅಧಿಕಾರಿ ಕೇಳಿದರು.

ಅಲ್ಲೇ ಕೂತಿದ್ದ ಮೇಡಂ, “ಹತ್ತು ದಿನಕ್ಕೆ ಹದಿನೇಳು ಪದ ಹೋಗಿದೆ. ಅರವತ್ತು ದಿನಕ್ಕೆ ಎಷ್ಟು ಉಳಿಯುತ್ತೆ, ನೀವೇ ಹೇಳಿ,” ಎಂದರು.

ಆದೇಶ ಬಂತು: ಬೇಸಿಗೆಯಲ್ಲಿ ಆರು ವಾರ, ವಾರಕ್ಕೆ ಮೂರು ದಿನ. ಮಗಳು ಬೆರಳಿಟ್ಟು, ಪದ ಒಡೆದು, ಕಾಲು ಗಂಟೆ ಹಿಡಿದು ಅದನ್ನು ಕೊನೆಯವರೆಗೂ ಓದಿದಳು. ಕೊನೆಯ ಸಾಲು: ‘ಈ ಸೌಲಭ್ಯ ರಜಾ ದಿನಗಳಿಗೆ ಅನ್ವಯಿಸುವುದಿಲ್ಲ.’

ಟೈಲರಮ್ಮ ಮತ್ತೆ ಕಚೇರಿಗೆ ಓಡಿದಳು. ಗುಮಾಸ್ತನಿಗೆ ಕೆಡುಕೆನಿಸಿತು. “ಆ ಸಾಲು ಎಲ್ಲಾ ಆದೇಶದಲ್ಲೂ ಇರುತ್ತಮ್ಮ. ಅಲ್ಲೀವರೆಗೂ ಯಾರೂ ಓದಲ್ಲ.”

“ನನ್ನ ಮಗಳು ಓದಿದ್ಲು.”

ಅವನು ಆ ಸಾಲನ್ನು ಹೊಡೆದುಹಾಕಿ ಮೊಹರು ಒತ್ತಿದ. ಬೇಸಿಗೆಯ ಖಾಲಿ ಶಾಲೆಯಲ್ಲಿ ಒಂದು ಕೋಣೆಯ ಕಿಟಕಿ ತೆರೆಯಿತು. ಶಾಲೆ ಮತ್ತೆ ಶುರುವಾದಾಗ ಮಗಳು ನಿಮಿಷಕ್ಕೆ ಐವತ್ತು ಪದ ಓದಿದಳು. ಸುದ್ದಿ ಕೇಳಿದ ಟೈಲರಮ್ಮ ಅಂಗಡಿ ಬಾಗಿಲಲ್ಲೇ ನಿಂತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ತಿಂಗಳೊಳಗೆ ಕಚೇರಿಯಿಂದ ಕಾಗದ ಬಂತು. ಮಗು ರಜೆಯಲ್ಲಿ ಏನನ್ನೂ ಮರೆತಿಲ್ಲವಾದ್ದರಿಂದ ಮುಂದಿನ ಬೇಸಿಗೆಯ ಪಾಠಕ್ಕೆ ಅರ್ಹಳಲ್ಲ.

ಟೈಲರಮ್ಮ ಚಪ್ಪಲಿ ಮೆಟ್ಟಿದಳು. ಮಗಳು ತಾನೂ ಬರುತ್ತೇನೆಂದು ಹೊರಟಳು. ಕಚೇರಿಯ ಬೋರ್ಡುಗಳನ್ನೆಲ್ಲ ಓದಬೇಕಂತೆ.