ಮಧ್ಯಾಹ್ನದ ಚಮಚ

ನನ್ನ ಭಾವ ಒಂದು ಹೋಟೆಲಿನ ಬಾರಿನಲ್ಲಿ ಕೆಲಸ ಮಾಡುತ್ತಾರೆಂಬುದನ್ನು ಇಪ್ಪತ್ತೆರಡು ವರ್ಷ ನಾನು ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ. ನನ್ನ ಹೊಲಿಗೆ ಅಂಗಡಿಗೆ ಅಳತೆ ಕೊಡಲು ಬಂದವರು ಕೇಳಿದರೆ ‘ಹೋಟೆಲಿನಲ್ಲಿದ್ದಾರೆ’ ಎಂದು ಹೇಳಿ, ಟೇಪನ್ನು ಅವರ ಸೊಂಟಕ್ಕೆ ಸ್ವಲ್ಪ ಬಿಗಿಯಾಗಿಯೇ ಸುತ್ತುತ್ತಿದ್ದೆ. ಮುಂದಿನ ಪ್ರಶ್ನೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಕ್ಕನನ್ನು ಅವರಿಗೆ ಕೊಡುವಾಗ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದವಳು ನಾನೇ. ಕುಡುಕರಿಗೆ ಸುರಿದುಕೊಡುವವರ ಮನೆಗೆ ನನ್ನಕ್ಕ ಹೋಗುವುದೇ ಎಂದು ಎರಡು ದಿನ ಊಟ ಬಿಟ್ಟಿದ್ದೆ. ಮೂರನೆಯ ದಿನ ಹಸಿವಾಯಿತು, ಆಮೇಲೆ ಮದುವೆಯೂ ಆಯಿತು.

ತಮಾಷೆಯೆಂದರೆ ಭಾವ ಕುಡಿಯುವುದಿಲ್ಲ. ಆಣೆ, ಭಾಷೆ ಏನೂ ಇಲ್ಲ. ಒಂದು ಹನಿ ನಾಲಿಗೆಗೆ ತಾಗಿದರೆ ಸಾಕು, ತುಟಿ ಊದುತ್ತದೆ, ಕತ್ತಿನ ತುಂಬ ದದ್ದು ಏಳುತ್ತದೆ, ಕಣ್ಣು ಮುಚ್ಚಿಹೋಗುತ್ತದೆ. ಹೋಟೆಲಿನಲ್ಲಿ ಅವರಿಗೆ ‘ಸನ್ಯಾಸಿ’ ಎಂದೇ ಹೆಸರು. ಅಂಥ ಸನ್ಯಾಸಿ ಬೆರೆಸಿಕೊಡುವ ಒಂದು ಕಾಕ್‌ಟೇಲ್‌ಗೆ ಊರಿನ ಆ ತುದಿಯಿಂದ ಜನ ಬರುತ್ತಿದ್ದರು. ಕಪ್ಪು ರಮ್, ನಿಂಬೆರಸ, ಒಂದಿಷ್ಟು ಕಿತ್ತಳೆ, ಕಂದು ಬಣ್ಣಕ್ಕೆ ಸುಟ್ಟ ಸಕ್ಕರೆಯ ಪಾಕ, ಬೇರು ತೊಗಟೆಗಳನ್ನು ನೆನೆಸಿಟ್ಟ ಕಹಿ ಅರ್ಕ ನಾಲ್ಕು ಹನಿ. ಕುಡಿಯದವರು ಅದನ್ನು ಅಷ್ಟು ಚೆನ್ನಾಗಿ ಹೇಗೆ ಬೆರೆಸುತ್ತಾರೆಂದು ನಾನು ಯೋಚಿಸಿರಲೇ ಇಲ್ಲ. ಯೋಚಿಸುವಷ್ಟು ಮರ್ಯಾದೆ ಕೊಟ್ಟಿದ್ದರೆ ತಾನೆ!

ಗೊತ್ತಾದದ್ದು ಅಕ್ಕ ಕಾಯಿಲೆ ಬಿದ್ದಾಗ. ಅವಳ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತು. ಕೊಯ್ದು ತೆಗೆದರು, ಆಮೇಲೆ ಆರು ವಾರ ಕಿರಣ ಚಿಕಿತ್ಸೆ ಕೊಟ್ಟರು. ನಾನು ಅಂಗಡಿಗೆ ಬೀಗ ಹಾಕಿ, ಹೊಲಿಗೆ ಯಂತ್ರವನ್ನು ಗಾಡಿಗೆ ಏರಿಸಿಕೊಂಡು ಅವಳ ಮನೆಗೇ ಬಂದುಬಿಟ್ಟೆ. ಕಿರಣದಿಂದಾದ ಬಾಯಿಯ ಹುಣ್ಣು ಮಾಯುವ ಹೊತ್ತಿಗೆ ಅವಳು ಒಣಗಿದ ಕಡ್ಡಿಯಾಗಿದ್ದಳು.

“ಕಾಯಿಲೆ ಹೋಗಿದೆ. ನಾಲಿಗೆ ರುಚಿ ಮಾತ್ರ ತಡವಾಗಿ ಬರುತ್ತೆ, ಕೆಲವರಿಗೆ ಪೂರ್ತಿ ಬರೋದೇ ಇಲ್ಲ. ಹೇಗಾದ್ರೂ ಮಾಡಿ ತಿನ್ನಿಸಿ,” ಎಂದರು ಡಾಕ್ಟರು.

ಹೇಗಾದರೂ ಎಂದರೆ ಹೇಗೆ? ನಾನು ಗಂಜಿ ಹಿಡಿದು ಗದರಿಸಿದರೆ ಎರಡು ಗುಟುಕು. ಮಧ್ಯಾಹ್ನ ಭಾವ ಬಂದು ಎದುರಿಗೆ ಕೂತರೆ ಬಟ್ಟಲು ಖಾಲಿ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ಮಧ್ಯಾಹ್ನ ಭಾವ ಚೀಲದಿಂದ ಕೆಮ್ಮಿನ ಔಷಧಿಯ ಅಳತೆಯ ಪುಟ್ಟ ಬಾಟಲಿ ತೆಗೆದರು. ಚಮಚಕ್ಕೆ ಸುರಿದು ಅಕ್ಕನ ಬಾಯಿಗಿಟ್ಟರು. ಅವಳು ಕಣ್ಣು ಮುಚ್ಚಿ ಬಾಯೊಳಗೇ ಆಡಿಸಿ ಬಟ್ಟಲಿಗೆ ಉಗಿದಳು. ರಮ್ಮಿನ ವಾಸನೆ ಬಾಗಿಲವರೆಗೆ ಬಂತು.

“ಅಯ್ಯಯ್ಯೋ! ಏನ್ ಭಾವ ಇದು? ಕಾಯಿಲೆಯವಳಿಗೆ ಹೆಂಡ ಕುಡಿಸ್ತಿದ್ದೀರಾ?” ಎಂದು ಕಿರುಚಿದೆ.

“ಎಲ್ಲಿ ಕುಡೀತಿದ್ದೀನಿ, ಉಗೀತಿದ್ದೀನಲ್ಲೇ,” ಎಂದಳು ಅಕ್ಕ. “ಇದು ನನ್ನ ಕೆಲಸ. ಮದುವೆಯಾದ ತಿಂಗಳಿಂದ ಮಾಡ್ತಾ ಬಂದಿದ್ದೀನಿ, ಬಾಯಿ ಹುಣ್ಣಾಗಿದ್ದಾಗ ಮಾತ್ರ ಬಿಟ್ಟಿದ್ದೆ. ಸಿಹಿ ಸಾಲದು ರೀ, ಇನ್ನೊಂಚೂರು ಪಾಕ ಬೇಕು.”

ಭಾವ ಚೀಟಿಯಲ್ಲಿ ಬರೆದುಕೊಂಡರು. ಆವತ್ತು ನನಗೆ ಎಲ್ಲ ತಿಳಿಯಿತು. ನಿಂಬೆಹಣ್ಣಿಗೆ ದಿನಕ್ಕೊಂದು ಬುದ್ಧಿ. ನಿನ್ನೆಯ ಹುಳಿ ಇವತ್ತು ಇರುವುದಿಲ್ಲ, ಹಾಗಾಗಿ ನಿನ್ನೆಯ ಅಳತೆಯೂ ನಡೆಯುವುದಿಲ್ಲ. ಆ ದಿನದ ಹಣ್ಣು ಹಿಂಡಿ ಒಂದು ಮಾದರಿ ಮಾಡಿ, ಎರಡು ಮೈಲಿ ನಡೆದು ಮನೆಗೆ ತಂದು, ಅಕ್ಕ ಹೇಳಿದಂತೆ ಅಳತೆ ತಿದ್ದಿಕೊಂಡು ವಾಪಸು ಹೋಗುವುದು ಭಾವನ ಪದ್ಧತಿ. ಉಳಿದ ಕೆಲಸಗಾರರಿಗೆಲ್ಲ ಊಟ ಹೋಟೆಲಿನಲ್ಲೇ. ಮಾದರಿಯ ನೆಪದಲ್ಲಿ ಇವರೊಬ್ಬರಿಗೆ ಮಾತ್ರ ಹಳೆಯ ಮಾಲೀಕರು ಮಧ್ಯಾಹ್ನ ಬಿಡುವು ಕೊಟ್ಟಿದ್ದರು. ಜನ ಹೊಗಳುತ್ತಿದ್ದದ್ದು ನನ್ನಕ್ಕನ ನಾಲಿಗೆಯನ್ನು!

ಎರಡು ತಿಂಗಳು ಕಳೆಯಿತು. ಒಂದು ಮಂಗಳವಾರ ಭಾವ ನೇರವಾಗಿ ಅಕ್ಕನ ಕೋಣೆಗೆ ಹೋಗದೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

“ನಿನ್ನ ನಾಲಿಗೆ ಉದ್ದ ಅಂತ ಎಲ್ಲರೂ ಹೇಳ್ತಾರಲ್ಲ, ಒಂದು ನಿಮಿಷ ನನಗೆ ಕೊಡು,” ಎಂದರು. ನಗಲು ನೋಡಿದರು, ಆಗಲಿಲ್ಲ.

ಗಿರಾಕಿಗಳು ಗ್ಲಾಸನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಾರಂತೆ. ಈಗ ಹೋಟೆಲು ಹಳೆಯ ಮಾಲೀಕರ ಮಗಳ ಕೈಯಲ್ಲಿದೆ. ಆಕೆ ಶನಿವಾರ ಸಂಜೆ ಬಂದು ಕುಡಿದು ನೋಡುತ್ತಾರಂತೆ. ಹಿಡಿಸದಿದ್ದರೆ ಬಾರಿನ ಫಲಕದಿಂದ ಆ ಕಾಕ್‌ಟೇಲ್‌ನ ಹೆಸರು ಅಳಿಸುತ್ತಾರೆ, ಭಾವನನ್ನು ಉಗ್ರಾಣಕ್ಕೆ ಹಾಕುತ್ತಾರೆ. ಉಗ್ರಾಣವೆಂದರೆ ಬೆಳಿಗ್ಗೆ ಎಂಟರಿಂದ ಸಂಜೆ ಎಂಟು, ಮಧ್ಯಾಹ್ನ ಮನೆಯಿಲ್ಲ.

“ನಾನು ಬರದಿದ್ರೆ ಅವಳು ತಿನ್ನಲ್ಲ ಕಣಮ್ಮ,” ಎಂದರು. “ಅವಳಿಗೆ ರುಚಿ ಗೊತ್ತಾಗ್ತಿಲ್ಲ. ದಿನಾ ಸಿಹಿ ಸಾಲದು ಅಂತಾಳೆ, ನಾನೂ ದಿನಾ ಹಾಕ್ತಾ ಹೋದೆ.”

“ಗೊತ್ತಿದ್ದೂ ಹಾಕಿದ್ರಾ? ನಿಮಗೇನು ತಲೆ ಕೆಟ್ಟಿದೆಯಾ?”

“ತಿದ್ದೋದು ಬಿಟ್ರೆ, ನಿನ್ನ ನಾಲಿಗೆ ಹೋಯ್ತು ಅಂತ ಅವಳ ಮುಖಕ್ಕೇ ಹೇಳಿದ ಹಾಗಲ್ವಾ?”

“ಹೋಟೆಲಲ್ಲಿ ಯಾರನ್ನಾದ್ರೂ ಕೇಳಬಾರದಿತ್ತಾ?”

“ಕೇಳಿದೆ. ಒಬ್ಬ ಚೆನ್ನಾಗಿದೆ ಅಂದ. ಇನ್ನೊಬ್ಬ ಇನ್ನೊಂದು ಗ್ಲಾಸ್ ಕೊಟ್ರೆ ಹೇಳ್ತೀನಿ ಅಂದ.”

ಜೀವಮಾನದಲ್ಲಿ ಮುಟ್ಟದ ನನಗೆ ಅವರು ಪಾಠ ಶುರು ಮಾಡಿದರು. ಮೊದಲು ಬರೀ ರಮ್ ಮೂಸಿಸಿದರು. “ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿ ಇದೆಯಲ್ಲ, ಅದರಿಂದ ಬರೋದು. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತಿದೆ. ಇದು ಅತ್ತೆ, ಗತ್ತು ಜಾಸ್ತಿ. ನಿಂಬೆ ಹೊಸ ಸೊಸೆ, ಮಾತಿಗೆ ಮಾತು. ಇಬ್ಬರನ್ನೇ ಬಿಟ್ರೆ ಮನೆ ರಣರಂಗ. ಸುಟ್ಟ ಸಕ್ಕರೆ ಮಾವ, ಅತ್ತೆ ಜಾತಕ ಬಲ್ಲವರು, ಮೆತ್ತಗೆ ಸಮಾಧಾನ ಮಾಡ್ತಾರೆ. ಕಿತ್ತಳೆ ಇಬ್ಬರ ಕಡೆಯೂ ಮಾತಾಡೋ ನಾದಿನಿ.”

“ನನ್ನ ಹಾಗಾ?”

“ನೀನು ಕಹಿ ಅರ್ಕ ಕಣಮ್ಮ. ನಾಲ್ಕೇ ಹನಿ. ಆದ್ರೆ ಅದಿಲ್ದೆ ಯಾವುದೂ ಕೂಡಿ ಬರಲ್ಲ.”

ಕೋಪ ಬರಬೇಕಿತ್ತು, ಬರಲಿಲ್ಲ. ಬಾಟಲಿಯದನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. “ಥೂ! ಬರೀ ಸಿಹಿ. ನಿಂಬೆ ಎಲ್ಲಿ ಸತ್ತಿದೆ?” ಎಂದು ಉಗಿದೆ. ಭಾವ ತಲೆಯಾಡಿಸಿ, ಅದೇ ಬಾಟಲಿ ಹಿಡಿದು ಅಕ್ಕನ ಬಳಿ ಹೋದರು. ಅವಳು ಎಂದಿನಂತೆ ಸಿಹಿ ಸಾಲದೆಂದಳು. ಭಾವ ಎಂದಿನಂತೆ ಚೀಟಿಯಲ್ಲಿ ಬರೆದುಕೊಂಡರು. ಹೋಟೆಲಿಗೆ ಹೋಗಿ ಮಾಡಿದ್ದು ಮಾತ್ರ ನಾನು ಹೇಳಿದಂತೆ.

ಸಂಜೆ ಅಕ್ಕನ ತಲೆ ಬಾಚುತ್ತಿದ್ದೆ. ಅವಳು ಥಟ್ಟನೆ ತಿರುಗಿ ನನ್ನ ಮುಖದ ಹತ್ತಿರ ಮೂಗು ತಂದಳು.

“ಏನೇ, ರಮ್ ವಾಸನೆ ಬರ್ತಿದೆ? ನನ್ನ ಮೂಗು ಇನ್ನೂ ಬದುಕಿದೆ. ಅವರು ನಿನ್ನನ್ನ ಕೇಳಿದ್ರಾ?”

ನಾನು ಮಾತಾಡಲಿಲ್ಲ. ನಾನು ಮಾತಾಡದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕೆ?

“ಒಳ್ಳೇದಾಯ್ತು ಬಿಡು,” ಎಂದಳು. “ನನಗೆ ನೀರೂ ಒಂದೇ, ಅದೂ ಒಂದೇ. ಬಾಯಿಗೆ ಬಂದದ್ದು ಹೇಳ್ತಾ ಇದ್ದೀನಿ.”

“ಯಾಕಕ್ಕಾ? ಗೊತ್ತಾಗ್ತಿಲ್ಲ ಅಂತ ಹೇಳೋಕೇನು ಕಷ್ಟ?”

“ರುಚಿ ಹೇಳೋಕೆ ಬರಲ್ಲ ಅಂದ್ರೆ ಅವರು ಆ ಬಿಸಿಲಲ್ಲಿ ಬರೋದ್ಯಾಕೆ? ಆ ಒಂದು ಗಂಟೆಗೋಸ್ಕರ ನಾನು ಬೆಳಿಗ್ಗೆ ಎದ್ದು ಕೂರ್ತೀನಿ ಕಣೇ.” ಅವಳ ಕಣ್ಣು ತುಂಬಿತು. “ನಾಳೆಯಿಂದ ಅವರಿಗೆ ಏನ್ ಹೇಳ್ತೀಯೋ ಅದನ್ನ ನನಗೂ ಸನ್ನೆ ಮಾಡು. ನಾನೂ ಅದನ್ನೇ ಹೇಳ್ತೀನಿ. ಅವರ ಕೆಲಸ ಕೆಡಬಾರದು.”

ಹೀಗೆ ನಾನು ಎರಡೂ ಕಡೆಯ ಗುಟ್ಟು ಹೊತ್ತವಳಾದೆ. ಭಾವ ಚಮಚ ಹಿಡಿದು ಕೂತರೆ ನಾನು ಅವರ ಬೆನ್ನ ಹಿಂದೆ ನಿಲ್ಲುವುದು. ಕಿವಿ ಮುಟ್ಟಿದರೆ ನಿಂಬೆ ಸಾಲದು, ಮೂಗು ಮುಟ್ಟಿದರೆ ಸಿಹಿ ಹೆಚ್ಚು, ಗಲ್ಲ ಮುಟ್ಟಿದರೆ ಕಹಿ ಹೆಚ್ಚು. ಬುಧವಾರ ಹೊಂದಿಕೆಯಾಯಿತು. ಗುರುವಾರವೂ ಆಯಿತು. ನಾನೆಷ್ಟು ಜಾಣೆ ಎಂದು ಒಳಗೊಳಗೇ ಬೀಗಿದೆ. ಅತಿಜಾಣರು ಎಡವುವುದು ಹೊಸ್ತಿಲಲ್ಲೇ.

ಶುಕ್ರವಾರ ಅಕ್ಕನ ಸರದಿಯೂ ಮುಗಿದ ಮೇಲೆ ಭಾವ ಮತ್ತೆ ಅಡುಗೆಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಷ್ಟು ವರ್ಷದಲ್ಲಿ ಅವರು ನನ್ನ ಕೈ ಮುಟ್ಟಿದ್ದೇ ಇಲ್ಲ.

“ಬಂತು ಕಣಮ್ಮ! ಅವಳ ನಾಲಿಗೆ ವಾಪಸ್ ಬಂತು! ಮೂರು ದಿನದಿಂದ ನೀನು ಹೇಳಿದ್ದನ್ನೇ ಅವಳೂ ಹೇಳ್ತಿದ್ದಾಳೆ, ಒಂದು ಕೂದಲೂ ವ್ಯತ್ಯಾಸವಿಲ್ಲ. ನಾಳೆ ನಿನಗೆ ತೊಂದರೆ ಕೊಡಲ್ಲ. ನಾಳೆಯದನ್ನ ಅವಳೇ ಹೇಳಲಿ.” ಮನುಷ್ಯ ಅಳುತ್ತಿದ್ದರು. ಊರಿಗೆಲ್ಲ ಕತ್ತರಿಯಂತೆ ಆಡುವ ನನ್ನ ನಾಲಿಗೆ ಆಗ ಅಂಟಿಕೊಂಡು ಕೂತಿತು.

ಶನಿವಾರ ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು, ಅಡುಗೆಮನೆಯತ್ತ ತಿರುಗಿಯೂ ನೋಡಲಿಲ್ಲ. ನೇರ ಅಕ್ಕನ ಮಂಚದ ಮೇಲೆ ಕೂತು ಚಮಚಕ್ಕೆ ಸುರಿದರು. ಅಕ್ಕ ಅವರ ಹೆಗಲ ಮೇಲಿಂದ ನನ್ನನ್ನು ನೋಡಿದಳು. ನಾನು ರುಚಿ ನೋಡಿರಲಿಲ್ಲ, ಯಾವ ಸನ್ನೆ ಮಾಡಲಿ? ತಲೆ ಅಲ್ಲಾಡಿಸಿದೆ. ಅವಳು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು. ಕೊನೆಗೆ ಉಗಿದು ತುಟಿ ಒರೆಸಿಕೊಂಡಳು.

“ರೀ,” ಎಂದಳು, “ನನಗೇನೂ ಗೊತ್ತಾಗ್ತಿಲ್ಲ.”

ಭಾವ ನಕ್ಕರು. “ಇನ್ನೊಂದು ಚಮಚ ನೋಡು.”

“ಹತ್ತು ಚಮಚ ನೋಡಿದ್ರೂ ಅಷ್ಟೇ. ಎರಡು ತಿಂಗಳಿಂದ ಹೀಗೇ. ಈ ಮೂರು ದಿನ ಇವಳು ಹಿಂದೆ ನಿಂತು ಹೇಳಿಕೊಟ್ಟಳು. ಇವತ್ತು ಸುಳ್ಳು ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ.”

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಭಾವ ಚಮಚವನ್ನು ಬಟ್ಟಲಿನಲ್ಲಿಟ್ಟರು. ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಗ ಅಕ್ಕ ನೆಟ್ಟಗೆ ಕೂತಳು. “ಅಳೋದು ಆಮೇಲೆ. ಏ, ಬಾರೇ ಇಲ್ಲಿ. ಬಾಯಿ ತೆಗಿ.”

ನನ್ನ ಬಾಯಿಗೆ ಚಮಚ ಇಟ್ಟು ವಿಚಾರಣೆ ಶುರು ಮಾಡಿದಳು. “ಹುಳಿ ಕೆನ್ನೆ ಒಳಗೆ ಹಿಂಡ್ತಿದೆಯಾ, ಬರೀ ಹಲ್ಲಿಗೆ ತಾಗ್ತಿದೆಯಾ?”

“ಹಲ್ಲಿಗೆ.”

“ಹಾಗಾದ್ರೆ ಹಣ್ಣು ಜಾಸ್ತಿ ಮಾಗಿದೆ. ರೀ, ನಿಂಬೆ ಕಾಲು ಪಾಲು ಹೆಚ್ಚಿಸಿ, ಪಾಕ ಮುಟ್ಟಬೇಡಿ. ಈಗ ಉಗಿ. ಕಹಿ ಹೋಯ್ತಾ, ನಿಂತಿದೆಯಾ?”

“ಗಂಟಲ ಹತ್ತಿರ ನಿಂತುಬಿಟ್ಟಿದೆ ಅಕ್ಕ, ಕದಲ್ತಿಲ್ಲ.”

“ಅದು ಅರ್ಕದ ಕಹಿ ಅಲ್ಲ. ಕಿತ್ತಳೆ ಬಿಳಿ ಪೊರೆಯದು. ಹಣ್ಣನ್ನ ಅಷ್ಟು ಒತ್ತಿ ಹಿಂಡಿದ್ದೀರಲ್ಲ, ಜ್ಞಾನ ಎಲ್ಲಿತ್ತು?”

“ಖುಷಿಯಲ್ಲಿ ಕೈ ಜೋರಾಯ್ತು,” ಎಂದರು ಭಾವ, ತಪ್ಪು ಮಾಡಿದ ಮಗುವಿನಂತೆ. “ನಿನಗೆ ರುಚಿ ಬಂತು ಅಂದ್ಕೊಂಡಿದ್ನಲ್ಲ.”

ಅಕ್ಕ ಅವರ ಅಂಗಿಯ ಕಾಲರು ಸರಿಮಾಡಿದಳು. ಆಮೇಲೆ, “ಸಂಜೆ ಮೆಲ್ಲಗೆ ಹಿಂಡಿ,” ಎಂದಳು. ನಾಲಿಗೆ ನನ್ನದಾದರೂ ಅದು ಹೇಳಿದ್ದರ ಅರ್ಥ ಅವಳಿಗೇ ಗೊತ್ತಿತ್ತು. ಮೂರೂ ಜನ ಸೇರಿ ಅಳತೆ ಬರೆದೆವು. ಭಾವ ಚೀಟಿಯನ್ನು ಜೇಬಿಗಿಟ್ಟು ಎರಡು ಸಲ ಮುಟ್ಟಿ ನೋಡಿಕೊಂಡು ಹೊರಟರು.

ಮಾಲೀಕರ ಮಗಳು ಗ್ಲಾಸಿನಲ್ಲಿ ಮಂಜುಗಡ್ಡೆ ಮಾತ್ರ ಉಳಿಯುವವರೆಗೆ ಕುಡಿದು, ತನ್ನ ಅಪ್ಪ ಇದ್ದಾಗಲೂ ಹೀಗೇ ಇರುತ್ತಿತ್ತು ಎಂದರಂತೆ. ಫಲಕದಲ್ಲಿ ಹೆಸರು ಉಳಿಯಿತು. ಉಗ್ರಾಣಕ್ಕೆ ಬೇರೆ ಯಾರನ್ನೋ ಹುಡುಕಿಕೊಂಡರು.

ಸೋಮವಾರ ಮಧ್ಯಾಹ್ನ ಭಾವ ಬಾಟಲಿ ಹಿಡಿದು ಬಂದಾಗ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅಕ್ಕ ಗೋಡೆಯ ಕಡೆ ನೋಡುತ್ತ ಮಾತು ತೆಗೆದಳು. ಎಲ್ಲವನ್ನೂ ಮೊದಲೇ ಕೂಡಿಸಿಟ್ಟುಕೊಂಡಿದ್ದಳೆಂದು ಕಾಣುತ್ತದೆ.

“ನಾಳೆಯಿಂದ ನಡೆಯೋದು ಬೇಡ ರೀ. ರುಚಿ ನೋಡೋಳು ಇವಳಲ್ವಾ, ಇವಳನ್ನೇ ಹೋಟೆಲಿಗೆ ಕರೆಸಿಕೊಳ್ಳಿ. ಏನೇನು ನೋಡಬೇಕು ಅಂತ ನಾನು ಬಾಯಿಪಾಠ ಮಾಡಿಸ್ತೀನಿ. ನನ್ನಿಂದ ಈಗೇನು ಆಗಬೇಕಿದೆ?”

ಭಾವ ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಇಪ್ಪತ್ತೆರಡು ವರ್ಷ ಆ ಬಿಸಿಲಲ್ಲಿ ನಾನು ನಿಂಬೆಹಣ್ಣಿಗೋಸ್ಕರ ನಡೆದೆ ಅಂದ್ಕೊಂಡಿದ್ದೀಯೇನೇ?”

ಅವರು ಬಂದು ಮಂಚದ ಮೇಲೆ ಕೂತು ಚಮಚಕ್ಕೆ ಸುರಿದರು. ಅವಳು ಅಳುತ್ತಲೇ ಬಾಯಿ ತೆರೆದಳು.