ಕದಲದ ಮೋಡ

ಹೊಕಿಯಾಂಗ ಕೊಲ್ಲಿಯ ದಡದಲ್ಲಿರುವ ಕುಲದ ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಅಡುಗೆಗೆ ನಿಲ್ಲುತ್ತಿದ್ದವಳು ತೆ ಪಾಯೆಯಾ. ನೆಲದೊಲೆಯಲ್ಲಿ ಗೆಣಸು, ಮಾಂಸ ಹೂತಿಟ್ಟು ಬೇಯಿಸಿ ಊರಿಗೆಲ್ಲ ಬಡಿಸುವಳು. ಸಭೆಯಲ್ಲಿ ಮಾತಾಡುವುದು ಮಾತ್ರ ಗಂಡನ ಪಾಲು. ಮೀನುಗಾರ ಎರುವೇರ ಬಾಯಿ ತೆರೆದರೆ ತನ್ನದೇ ಸಾಹಸ.

ಮಗಳ ಮದುವೆಗೆ ಮೀನು ತರಲೆಂದು ಇಬ್ಬರೂ ದೋಣಿಯಲ್ಲಿ ಹೊರಟರು. ಕೊಲ್ಲಿಯ ಬಾಯಿ ದಾಟಿ ಬಹುದೂರ ಹೋದ ಮೇಲೆ ಎಂಜಿನ್ ಕೆಟ್ಟಿತು. ರೇಡಿಯೋ ಕೂಡ ಉಸಿರೆತ್ತಲಿಲ್ಲ. ಕವಿದ ಮಂಜು ಹರಿಯುವಷ್ಟರಲ್ಲಿ ಸೆಳವು ಅವರನ್ನು ಎತ್ತಲೋ ಒಯ್ದಿತ್ತು. ಸುತ್ತ ನೀರೇ ನೀರು. ಸೂರ್ಯ ನೆತ್ತಿಯ ಮೇಲಿದ್ದ, ದಿಕ್ಕು ತಿಳಿಯುವಂತಿರಲಿಲ್ಲ. ಎರುವೇರ ಹುಟ್ಟು ಎತ್ತಿಕೊಂಡ, ಯಾವ ಕಡೆಗೆ ಹಾಕಬೇಕೆಂದು ತಿಳಿಯದೆ ಕೆಳಗಿಟ್ಟ.

ತೆ ಪಾಯೆಯಾಗೆ ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಎಷ್ಟೋ ತಲೆಮಾರಿನ ಹಿಂದೆ ಕುಲದ ಮೂಲಪುರುಷ ಕುಪೆ ಕಡಲು ದಾಟಿ ಬಂದಾಗ ನೆಲದ ಸುಳಿವು ಮೊದಲು ಸಿಕ್ಕಿದ್ದು ಅವನಿಗಲ್ಲ, ಹೆಂಡತಿ ಕುರಮಾರೋತಿನಿಗೆ. “ಮೋಡ! ಮೋಡ!” ಎಂದು ಕೂಗಿದಳಂತೆ. ಅವರ ನುಡಿಯಲ್ಲಿ ಆವೊ ಎಂದರೆ ಮೋಡ, ತೆಯಾ ಎಂದರೆ ಬಿಳಿ, ರೋವ ಎಂದರೆ ಉದ್ದ. ಹಾಗೆ ಈ ನಾಡು ಆವೊತೆಯಾರೋವ ಆಯಿತು.

ಅವಳು ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು.

“ಎಲ್ಲಾ ಮೋಡಾನೂ ಓಡ್ತಿದೆ. ಅಗೋ, ಆ ಬೆಳ್ಳನೇದು ಮಾತ್ರ ಕೂತಲ್ಲೇ ಕೂತಿದೆ. ಅದರ ಕೆಳಗೆ ನೆಲ ಇದೆ.”

“ಅಜ್ಜಿ ಕತೆ ನಂಬ್ಕೊಂಡು ಹುಟ್ಟು ಹಾಕ್ಲೇನೇ?”

“ನಿನ್ನ ಕತೆ ನಂಬಿ ಮದುವೇನೇ ಆಗಿಲ್ವಾ ನಾನು? ಹಾಕು, ಹಾಕು!”

ಸರದಿಯ ಮೇಲೆ ಹುಟ್ಟು ಹಾಕಿದರು. ಅಂಗೈಯಲ್ಲಿ ಗುಳ್ಳೆಗಳೆದ್ದವು. ಹೊತ್ತು ಇಳಿಯುವಾಗ ಮೋಡದ ಕೆಳಗೆ ಬೆಟ್ಟದ ನೀಲಿ ಗೆರೆ ಮೂಡಿತು. ಅವಳು ಅತ್ತುಬಿಟ್ಟಳು. ದಡದತ್ತ ಮರಳುತ್ತಿದ್ದ ದೋಣಿಯೊಂದು ಅವರನ್ನು ಎಳೆದು ತಂದಿತು. ಆ ದೋಣಿಯವರೇ ಮದುವೆಗೆಂದು ತಮ್ಮ ಮೀನನ್ನೂ ಕೊಟ್ಟರು.

ಮದುವೆಯ ದಿನ ಎರುವೇರ ಮಾತಿಗೆ ಎದ್ದಾಗ ಜನ ಆಗಲೇ ನಗತೊಡಗಿದ್ದರು.

“ಕುಪೆ ಹೆಸರು ಎಲ್ರಿಗೂ ಗೊತ್ತು. ಮೋಡ ಕಂಡೋಳನ್ನ ಮರೀತೀವಿ,” ಎಂದ ಅವನು. “ನಾನು ಇವತ್ತು ಮಗಳ ಪಕ್ಕ ನಿಂತಿದ್ದೀನಿ ಅಂದ್ರೆ, ಅದು ಅಲ್ಲಿ ಅಡುಗೆಮನೇಲಿ ಇದ್ದಾಳಲ್ಲ, ಅವಳ ಕಣ್ಣಿನ ಪುಣ್ಯ.”

ನಗು ನಿಂತಿತು. ಹಿರಿಯಳೊಬ್ಬಳು, “ಆವೊ ಅಂದ್ರೆ ಹಗಲು ಅಂತಾನೂ ಇದೆ ಕಣಪ್ಪಾ. ಉದ್ದನೆ ಬೆಳ್ಳನೆ ಹಗಲು,” ಎಂದಳು.

“ಇರಲಿ ದೊಡ್ಡಮ್ಮ, ನಮಗೆ ಎರಡೂ ಸಿಕ್ತು!” ಬಾಗಿಲಿಂದ ತೆ ಪಾಯೆಯಾ ಕೂಗಿದಳು.

ಸಭೆಯಲ್ಲಿ ಒಬ್ಬರು ಮಾತಾಡಿದ ಮೇಲೆ ಬೆಂಬಲವಾಗಿ ಯಾರಾದರೂ ಹಾಡುವುದು ಅಲ್ಲಿನ ವಾಡಿಕೆ. ಅವಳೇ ಕೈ ಒರೆಸಿಕೊಳ್ಳುತ್ತ ಹೊರಬಂದು, ಅವನ ಪಕ್ಕ ನಿಂತು ಹಾಡು ಎತ್ತಿಕೊಂಡಳು. ಹೆಂಗಸರೆಲ್ಲ ದನಿಗೂಡಿಸಿದರು.