ಬಟನ್ ಡಬ್ಬಿಯ ಬೆಲ್ಲ

ಮೊದಲಿಗೆ ನನ್ನ ಕೈಬರಹಕ್ಕೆ ಕ್ಷಮೆ ಕೇಳುತ್ತೇನೆ. ಗೆರೆ ಎಳೆದ ಹಾಳೆಯಲ್ಲಿ ಬರೆದರೂ ನನ್ನ ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತವೆ. ನಾನು ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಕನ್ನಡ ಬರೆಯಲು ಕಲಿತದ್ದು ಮನೆಯಲ್ಲಿ, ಅಪ್ಪನಿಂದ. ಹಾಗಾಗಿ ಪದಗಳೂ ಅಲ್ಲಲ್ಲಿ ಎಡವಿರಬಹುದು. ದುಬೈಯ ನಮ್ಮ ಕನ್ನಡ ಸಂಘದ ಸಂಚಿಕೆಗೆ ನಿಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆಯಿರಿ ಎಂದಾಗ ಉಳಿದವರೆಲ್ಲ ಡಾಕ್ಟರರ ಬಗ್ಗೆ, ಹೋಟೆಲ್ ಮಾಲಕರ ಬಗ್ಗೆ ಬರೆಯುತ್ತಾರೆಂದು ನನಗೆ ಗೊತ್ತಿತ್ತು. ನಾನು ನನ್ನ ದೊಡ್ಡಮ್ಮನ ಬಗ್ಗೆ ಬರೆದಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು. ಒಂದು ಅವರ ಪ್ರಾಯ, ಇನ್ನೊಂದು ಇರುವೆಗಳ ಸಂಖ್ಯೆ.

ದೊಡ್ಡಮ್ಮನ ಹೆಸರು ಅಪ್ಪಿ. ಊರು ಹೆಜಮಾಡಿ. ನನ್ನ ಅಮ್ಮನ ಅಕ್ಕ. ದುಬೈಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಅಷ್ಟು ವರ್ಷವೂ ರಾಸ್ ಅಲ್ ಖೋರಿನ ಒಂದು ಶೆಡ್ಡಿನಲ್ಲಿ ಯೂನಿಫಾರ್ಮ್ ಹೊಲಿದರು. ವಾಚ್‌ಮನ್‌ಗಳ ಅಂಗಿ, ಡ್ರೈವರುಗಳ ಪ್ಯಾಂಟು, ಅಡುಗೆಯವರ ಏಪ್ರನ್ನು. ಬಸ್ಸಿನಲ್ಲಿ ಹೋಗುವಾಗ ಎದುರಿನವನ ಬೆನ್ನು ನೋಡಿಯೇ, "ಇದು ನನ್ನ ಕೈಯ ಕಾಲರು. ಇವನು ಬಂದ ಮೇಲೆ ನಾಲ್ಕು ಕಿಲೋ ಏರಿದ್ದಾನೆ" ಎಂದು ಹೇಳುತ್ತಿದ್ದರು. ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದರು. ಆಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಕಳೆದ ತಿಂಗಳ ಆರಂಭದಲ್ಲಿ ಶೆಡ್ಡಿನ ಮಾಲಕರು ವ್ಯಾಪಾರ ಮುಚ್ಚಿದರು. ಅದೇ ತಿಂಗಳ ಕೊನೆಗೆ ದೊಡ್ಡಮ್ಮನ ವೀಸಾ ರದ್ದಾಗುವುದಿತ್ತು. ಸ್ವಂತ ವ್ಯಾಪಾರದ ಲೈಸೆನ್ಸ್ ಸಿಕ್ಕಿದರೆ ಇಲ್ಲಿ ಉಳಿಯಬಹುದು. ಸಿಗದಿದ್ದರೆ ಹೆಜಮಾಡಿಯಲ್ಲಿ ತಮ್ಮನ ಮನೆಗೆ ಹೋಗಬೇಕು. ತಮ್ಮನ ಹೆಂಡತಿ ಒಳ್ಳೆಯವರೇ. ಆದರೆ ಅಲ್ಲಿರುವ ದೊಡ್ಡಮ್ಮನ ಹಳೆಯ ಹೊಲಿಗೆ ಮೆಷಿನಿನ ಮೇಲೆ ಅವರು ಟಿವಿ ಇಟ್ಟಿದ್ದಾರೆ. ಅದರ ಫೋಟೋ ಬಂದ ದಿನ ದೊಡ್ಡಮ್ಮ ಊಟ ಮಾಡಲಿಲ್ಲ.

ಆಗ ದಾರಿ ತೋರಿಸಿದವರು ಮೊಯ್ದಿನಬ್ಬ ಕಾಕ. ಪಕ್ಕದ ಶೆಡ್ಡಿನ ಮೆಕ್ಯಾನಿಕ್. ಉಳ್ಳಾಲದ ಬ್ಯಾರಿ. ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಅವರು ಕಾಕನೇ. ಅವರ ಬಳಿ ಒಂದು ಹಳೆಯ ಮರದ ದೋಣಿ ಇತ್ತು. ಅದರ ಮಾಲಕರು ದೇಶ ಬಿಡುವಾಗ ಕಾಗದಪತ್ರದ ಸಮೇತ ಇವರಿಗೇ ಕೊಟ್ಟು ಹೋಗಿದ್ದರು. ದುಬೈ ಕಾಲುವೆಯ ಧಕ್ಕೆಯಲ್ಲಿ, ಎಂದರೆ ದೋಣಿ ನಿಲ್ಲುವ ಕಟ್ಟೆಯಲ್ಲಿ, ಕಟ್ಟಿದ ದೋಣಿಗಳಲ್ಲಿ ಸಣ್ಣ ವ್ಯಾಪಾರ ನಡೆಸುವವರಿಂದ ಸರಕಾರದವರು ಅರ್ಜಿ ಕರೆದಿದ್ದಾರೆ ಎಂಬ ಸುದ್ದಿ ತಂದವರೂ ಅವರೇ.

"ಅಪ್ಪಿಯಕ್ಕ, ನಿಮ್ಮ ಮೆಷಿನನ್ನು ನನ್ನ ದೋಣಿಯಲ್ಲಿ ಇಡುವ" ಎಂದರು.

"ಎಂಜಿನ್ ಇಲ್ಲದ ದೋಣಿಯಾ ಕಾಕ? ಮೂವತ್ತು ವರ್ಷ ಊರಿನವರ ಎಂಜಿನ್ ರಿಪೇರಿ ಮಾಡಿದ್ರಿ, ನಿಮ್ಗೆ ಒಂದು ಸಿಗ್ಲಿಲ್ವಾ?"

"ನಿಮ್ಮ ಮೆಷಿನಿಗೆ ಪೆಡಲ್ ಉಂಟಲ್ಲ! ನೀವು ಜೋರು ತುಳೀರಿ. ಸಂಜೆಗೆ ಶಾರ್ಜಾ ಮುಟ್ಟುವ."

ಹಾಗೆ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ಹರಿದದ್ದನ್ನು ಹೊಲಿಯುವುದು, ಉದ್ದದ್ದನ್ನು ಗಿಡ್ಡ ಮಾಡುವುದು, ಬಟನ್ ಹಾಕುವುದು ದೊಡ್ಡಮ್ಮನ ವ್ಯಾಪಾರ. ಅರ್ಜಿ ತುಂಬುವುದು ನನ್ನ ಕೆಲಸ. ನನಗೆ ಜನರ ಜೊತೆ ಮಾತನಾಡಲು ಬರುವುದಿಲ್ಲ, ಆದರೆ ಫಾರಂ ತುಂಬಲು ಬರುತ್ತದೆ. ಫಾರಂ ನಮ್ಮ ಮುಖ ನೋಡುವುದಿಲ್ಲ.

ದೋಣಿಯ ಅಳತೆ ಬರೆಯಬೇಕಿತ್ತು. ನಮ್ಮಲ್ಲಿ ಇದ್ದದ್ದು ಹೊಲಿಗೆಯ ಟೇಪು ಮಾತ್ರ. ಕಾಕ ಒಂದು ತುದಿ ಹಿಡಿದರು, ದೊಡ್ಡಮ್ಮ ಇನ್ನೊಂದು ತುದಿ ಹಿಡಿದರು, ಟೇಪು ಮುಗಿದಲ್ಲೆಲ್ಲ ನಾನು ಚಾಕ್‌ನಲ್ಲಿ ಗುರುತು ಹಾಕಿದೆ. ಉದ್ದ ಏಳು ಟೇಪು, ಮೇಲೆ ಮೂವತ್ತಾರು ಇಂಚು. ಅಗಲ ಅಳೆಯುವಾಗ ದೊಡ್ಡಮ್ಮ, ಟೈಲರ್ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆಯೇ, "ಸೊಂಟ ಸ್ವಲ್ಪ ದಪ್ಪ. ಬ್ಲೌಸಿಗೆ ಒಂದೂವರೆ ಮೀಟರ್ ಜಾಸ್ತಿ ಬೇಕಾದೀತು" ಎಂದರು. ಸರಿ ಇದೆಯೋ ಎಂದು ನೋಡಲು ನಾನು ಮತ್ತೊಮ್ಮೆ ಅಳೆಸಿದೆ. ಸರಿ ಇತ್ತು.

ಕರಡನ್ನು ಮೂರು ಸಲ ಬರೆದೆ. ಒಟ್ಟು ಇಪ್ಪತ್ತಾರು ಪ್ರಶ್ನೆ. ಹದಿನೇಳನೆಯದು ಹೀಗಿತ್ತು: ದೋಣಿಯಲ್ಲಿ ಬಂದವರಿಗೆ ತಿಂಡಿ ಅಥವಾ ಪಾನೀಯ ಒದಗಿಸಲಾಗುವುದೇ? ನಾನು "ಇಲ್ಲ" ಎಂಬಲ್ಲಿ ಗುರುತು ಹಾಕಿದೆ. ಇಪ್ಪತ್ತಾರರಲ್ಲಿ ನಾನು ಒಂದು ನಿಮಿಷವೂ ಯೋಚಿಸದೆ ಉತ್ತರಿಸಿದ್ದು ಅದೊಂದನ್ನೇ. ಟೈಪಿಂಗ್ ಸೆಂಟರಿನ ಲಿಯೊನೆಲ್ ಅಂಕಲ್ ಟೈಪ್ ಮಾಡಿ ಕಳುಹಿಸಿದರು. ಕೆಳಗೆ ಅರ್ಜಿ ಸಿದ್ಧಪಡಿಸಿದವರ ಹೆಸರು ಕೇಳಿತ್ತು. ಸುಪ್ರೀತಾ ಎಂದು ನನ್ನ ಹೆಸರು ಹಾಕಿಸಿದೆ. ನನ್ನ ಹೆಸರು ಅಚ್ಚಿನಲ್ಲಿ ಚಂದ ಕಂಡಿತು.

ಒಂಬತ್ತನೆಯ ದಿನ ತಪಾಸಣೆಗೆ ಒಬ್ಬರು ಮೇಡಂ ಬಂದರು. ಈ ಊರಿನ ಅರಬರೇ. ಮೈತುಂಬ ಕಪ್ಪು ಅಬಾಯ, ಕೈಯಲ್ಲಿ ಟ್ಯಾಬ್. ಹಿಂದಿ ಚೆನ್ನಾಗಿ ಬರುತ್ತಿತ್ತು. ದೊಡ್ಡಮ್ಮನದ್ದು ರಾಸ್ ಅಲ್ ಖೋರಿನ ಹಿಂದಿ. ಅವರಿಬ್ಬರ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಮೇಡಂ ಹಲಗೆ ದಾಟಿ ದೋಣಿಗೆ ಕಾಲಿಟ್ಟರು, ಅಷ್ಟೆ. ಹೆಸರು ಹೇಳುವ ಮೊದಲೇ ಅವರ ಮುಂದೆ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಲೋಟ ನೀರು ಬಂತು.

"ಕುಡೀರಿ. ಬಿಸಿಲಲ್ಲಿ ಬಂದಿದ್ದೀರಿ" ಎಂದರು ದೊಡ್ಡಮ್ಮ.

"ಬೇಡಮ್ಮ. ನಾನು ಡ್ಯೂಟಿಯಲ್ಲಿದ್ದೇನೆ. ಅರ್ಜಿ ಹಾಕಿದವರಿಂದ ಏನೂ ತೆಗೆದುಕೊಳ್ಳುವ ಹಾಗಿಲ್ಲ."

"ಇದು ಕೊಡುವುದಲ್ಲ, ನೀರು! ನಮ್ಮಲ್ಲಿ ಬೆಲ್ಲ ನೀರು ಬೇಡ ಅನ್ನುವವರು ಎರಡೇ ನಮೂನೆ. ಒಂದೋ ಆ ಮನೆಯಲ್ಲಿ ಜಗಳ, ಇಲ್ಲದಿದ್ರೆ ಹೊಟ್ಟೆ ಸರಿ ಇಲ್ಲ. ನಿಮ್ಗೆ ಯಾವುದು?"

ಮೇಡಂ ಒಳಗೆ ನೋಡಿದರು. ಅಲ್ಲಿ ನೆರಳಿನಲ್ಲಿ, ಆಚೀಚೆಯ ದೋಣಿ ತೊಳೆಯುವ ನಾಲ್ವರು ಸಾಲಾಗಿ ಕುಳಿತು ಲೋಟ ಎತ್ತಿ ಕುಡಿಯುತ್ತಿದ್ದರು. ನಡುವೆ ಬೆಲ್ಲದ ತಟ್ಟೆ. ಪಕ್ಕದ ದೋಣಿಯ ಸುಮಂತ್ ಎರಡನೆಯ ತುಂಡಿಗೆ ಕೈ ಹಾಕಿದ್ದವನು ಕೈಯನ್ನು ಅಲ್ಲಿಯೇ ನಿಲ್ಲಿಸಿದ.

ಮೇಡಂ ಟ್ಯಾಬಿನಲ್ಲಿ ಏನನ್ನೋ ಹುಡುಕಿದರು. ಹದಿನೇಳನ್ನು ಹುಡುಕುತ್ತಿದ್ದಾರೆಂದು ನನಗೆ ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಬೆಲ್ಲ ನೀರನ್ನು ಯಾರೂ ಪಾನೀಯ ಎಂದು ಕರೆದದ್ದಿಲ್ಲ. ಬಂದವರಿಗೆ ಬಾಗಿಲು ತೆಗೆಯುತ್ತೇವೆ, ಬೆಲ್ಲ ನೀರು ಕೊಡುತ್ತೇವೆ. ಬಾಗಿಲು ತೆಗೆಯುವುದನ್ನು ಯಾರಾದರೂ ಅರ್ಜಿಯಲ್ಲಿ ಬರೆಯುತ್ತಾರೆಯೇ?

ಮರುದಿನ ನೋಟಿಸು ಬಂತು. ಹದಿನೇಳನೆಯ ಉತ್ತರ ನಿಜವಲ್ಲವೆಂದು ಕಾಣುತ್ತದೆ, ಏಳು ದಿನದೊಳಗೆ ಮರುತಪಾಸಣೆ, ಸುಳ್ಳೆಂದು ಖಚಿತವಾದರೆ ಅರ್ಜಿ ವಜಾ. ತಿಂಗಳು ಮುಗಿಯಲು ಹದಿಮೂರು ದಿನ ಉಳಿದಿತ್ತು.

"ಖಲಾಸ್" ಎಂದರು ಕಾಕ. "ಅಪ್ಪಿಯಕ್ಕ, ಏಳು ದಿನ ಯಾರಿಗೂ ನೀರು ಕೊಡ್ಬೇಡಿ."

ದೊಡ್ಡಮ್ಮ ಒಪ್ಪಿದರು. ಮೊದಲ ದಿನ ಮಧ್ಯಾಹ್ನದವರೆಗೆ ಒಪ್ಪಿಗೆ ಉಳಿಯಿತು. ಆಮೇಲೆ ಸುಮಂತ್ ಬಂದು, ಏನೂ ಕೇಳದೆ, ಹಲಗೆಯ ಆಚೆ ಬೆವರು ಒರೆಸುತ್ತಾ ನಿಂತ.

"ಆ ಹುಡುಗ ಕೇಳ್ಲಿಲ್ಲ ಅಂತಲೇ ನನ್ಗೆ ತಡೀಲಿಕ್ಕೆ ಆಗುವುದಿಲ್ಲ" ಎಂದು ದೊಡ್ಡಮ್ಮ ಎದ್ದರು. "ಕೊಡುವುದು ಕೊಡುವ. ಕಾಣದ ಹಾಗೆ ಕೊಡುವ."

ನೀರಿನ ಹೂಜಿ ಮೆಷಿನಿನ ಕೆಳಗೆ ಸೇರಿತು, ಮೇಲೆ ಒಂದು ಹಳೆಯ ಏಪ್ರನ್. ಬೆಲ್ಲವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಬಟನ್ ಡಬ್ಬಿಯಲ್ಲಿ, ಕಂದು ಬಣ್ಣದ ಕೋಟು ಬಟನ್‌ಗಳ ಜೊತೆ ಬೆರೆಸಿಟ್ಟರು. ಇದು ಸರಿಯಲ್ಲ ಎಂದು ನನಗೆ ಅನಿಸಿತು. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಮುಚ್ಚಿದೆ. ಮೂರನೆಯ ದಿನ ಸುಮಂತ್ ಡಬ್ಬಿಗೆ ಕೈ ಹಾಕಿ ಒಂದು ಕೋಟು ಬಟನ್ ಬಾಯಿಗಿಟ್ಟ. ಅದನ್ನು ಒಮ್ಮೆ ಕಡಿದು, ಮರ್ಯಾದೆಗೆ ಏನೂ ಹೇಳದೆ, ನೀರು ಕುಡಿದು ಹೋದ. ಬಟನ್ ಮರಳಿ ಬರಲಿಲ್ಲ.

ಆರನೆಯ ದಿನ ಮೇಡಂ ಬಂದರು. ಈ ಸಲ ತಟ್ಟೆ ಇಲ್ಲ, ಲೋಟ ಇಲ್ಲ. ದೊಡ್ಡಮ್ಮ ಸೊಂಟದ ಹಿಂದೆ ಎರಡೂ ಕೈ ಕಟ್ಟಿ ನಿಂತಿದ್ದರು. ಬಿಟ್ಟರೆ ಆ ಕೈಗಳು ತಾವಾಗಿಯೇ ನೀರು ಬಗ್ಗಿಸುತ್ತವೆ ಎಂಬ ಹೆದರಿಕೆ ಅವರಿಗೆ. ಮೇಡಂ ಸುತ್ತ ನೋಡಿದರು, ತಲೆಯಾಡಿಸಿದರು, ಹೊರಡಲು ತಿರುಗಿದರು. ಆಗ ಅವರ ಕಣ್ಣು ದೋಣಿ ಕಟ್ಟಿದ ಹಗ್ಗದ ಮೇಲೆ ಬಿತ್ತು.

ಧಕ್ಕೆಯ ಗೂಟದಿಂದ ಹೊರಟ ಇರುವೆಗಳು ಹಗ್ಗದ ಮೇಲೆ ಒಂದೇ ಸಾಲಿನಲ್ಲಿ ದೋಣಿಗೆ ಇಳಿಯುತ್ತಿದ್ದವು. ನೂರಾರು ಎಂದು ನಾನು ಬರೆದಿದ್ದೆ. ಸಾವಿರ ಎಂದು ಬರೆಯಲು ದೊಡ್ಡಮ್ಮ ಹೇಳಿದ್ದಾರೆ.

"ಇದೇನು?"

"ಇರುವೆ" ಎಂದರು ದೊಡ್ಡಮ್ಮ.

"ಎಲ್ಲಿಗೆ ಹೋಗುತ್ತಿವೆ?"

"ಅವುಗಳನ್ನೇ ಕೇಳ್ಬೇಕಷ್ಟೆ."

ಮೇಡಂ ಕೇಳಲಿಲ್ಲ, ಹಿಂಬಾಲಿಸಿದರು. ಹಗ್ಗ, ಅಂಚು, ಮೆಷಿನಿನ ಕಾಲು, ಕೊನೆಗೆ ಬಟನ್ ಡಬ್ಬಿ. ಮುಚ್ಚಳ ತೆಗೆದು ಒಂದು ಕಂದು ತುಂಡನ್ನು ಎರಡು ಬೆರಳಲ್ಲಿ ಎತ್ತಿದರು. ಅದರ ಜೊತೆ ಎರಡು ಇರುವೆಗಳೂ ಬಂದವು.

"ಬಟನ್?"

"ಹೌದು. ಕೋಟಿನದ್ದು."

"ಇದಕ್ಕೆ ತೂತಿಲ್ಲ."

"ಇನ್ನು ಕೊರೀಬೇಕಷ್ಟೆ."

ಕಾಕ ನಗು ತಡೆಯಲಾಗದೆ ಕೆಮ್ಮಿನ ನಾಟಕ ಮಾಡುತ್ತಾ ಹಿಂದೆ ಸರಿದರು, ನೀರಿಗೆ ಬೀಳುವವರಿದ್ದರು, ಗೂಟ ಹಿಡಿದು ಉಳಿದರು. ಮೇಡಂ ಮಾತ್ರ ನಗಲಿಲ್ಲ. ಟ್ಯಾಬ್ ನೋಡಿ, "ಸುಪ್ರೀತಾ ಯಾರು?" ಎಂದರು.

ನಾನು ಕೈ ಎತ್ತಿದೆ. ಶಾಲೆಯಲ್ಲಿ ಎತ್ತದ ಕೈ.

"ನೀನು ತುಂಬಿದ್ದಾ? ಹದಿನೇಳಕ್ಕೆ ಯಾಕೆ ಸುಳ್ಳು ಬರೆದೆ?"

ಪೆನ್ನು ಮತ್ತು ಕಾಗದದ ಕಡೆ ಕೈ ತೋರಿಸಿದೆ. ಬರಿ ಎಂದು ಸನ್ನೆ ಮಾಡಿ ಮೇಡಂ ಸ್ಟೂಲಿನ ಮೇಲೆ ಕುಳಿತರು. ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಅವರು ಎದ್ದು ಹೋಗಲಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು:

"ಮೇಡಂ, 'ಇಲ್ಲ' ಎಂದು ಗುರುತು ಹಾಕಿದ್ದು ನಾನು, ದೊಡ್ಡಮ್ಮನಲ್ಲ. ಅದು ಪಾನೀಯ ಎಂದು ನನಗೆ ಗೊತ್ತಾಗಲಿಲ್ಲ. ನಮ್ಮಲ್ಲಿ ಯಾರೇ ಬಂದರೂ ಮೊದಲು ಬೆಲ್ಲ ಮತ್ತು ನೀರು ಕೊಡುತ್ತಾರೆ. ಯಾರು, ಯಾಕೆ ಬಂದರು ಎಂದು ಆಮೇಲೆ ಕೇಳುತ್ತಾರೆ. ಅದಕ್ಕೆ ಬೆಲೆ ಇಲ್ಲ, ದುಡ್ಡು ತೆಗೆದುಕೊಳ್ಳುವುದಿಲ್ಲ. ಡಬ್ಬಿಯಲ್ಲಿ ಅಡಗಿಸಿದ್ದು ತಪ್ಪು. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಹದಿನೇಳಕ್ಕೆ ಸರಿಯಾದ ಉತ್ತರ 'ಹೌದು'."

ಮೇಡಂ ನನ್ನ ಅಕ್ಷರ ಓದಲು ಕಾಗದವನ್ನು ಎರಡು ಸಲ ತಿರುಗಿಸಿದರು. "ಬೆಲೆ ಇಲ್ಲ ಅನ್ನುವುದನ್ನು ನಾನು ಹೇಗೆ ನಂಬಲಿ?" ಎಂದರು. ತೀರ್ಮಾನವಾಗುವವರೆಗೆ ವ್ಯಾಪಾರ ಕೂಡದು ಎಂದು ಹೇಳಿ, ಕಾಗದ ಮಡಚಿಕೊಂಡು ಹೋದರು.

"ನೀರಿನ ಬಗ್ಗೆ ಮೇಡಂ ಎಂತ ಹೇಳ್ಲಿಲ್ಲ" ಎಂದರು ಕಾಕ.

"ಬೇಡ ಅಂತ ಹೇಳ್ಲಿಲ್ಲ ಅಲ್ವಾ?" ಎಂದ ದೊಡ್ಡಮ್ಮ ಏಪ್ರನ್ ಎತ್ತಿ ಹೂಜಿಯನ್ನು ಮೊದಲಿನ ಜಾಗದಲ್ಲೇ ಇಟ್ಟರು. "ಹೋಗುವುದಾದ್ರೆ ಹೀಗೇ ಹೋಗುವ. ಕಳ್ಳಿಯ ಹಾಗೆ ಬೇಡ."

ಎರಡು ದಿನ ಕಳೆದು ಬಿಳಿ ಟೋಪಿಯ ಒಬ್ಬರು ಬಂದರು. ಕೈಚೀಲದಲ್ಲಿ ಒಂದು ಪ್ಯಾಂಟು. ಉದ್ದ ಕಡಿಮೆ ಮಾಡಬೇಕು, ಅರ್ಜೆಂಟು ಎಂದರು.

"ಪರ್ಮಿಟ್ ಬರ್ಲಿಲ್ಲ. ಬಂದ ಮೇಲೆ ಬನ್ನಿ. ಈಗ ಕೂತ್ಕೊಳ್ಳಿ, ಬೆಲ್ಲ ತಗೊಳ್ಳಿ."

ಅವರು ಎರಡು ಲೋಟ ಕುಡಿದರು. ಎದ್ದು ಐದು ದಿರ್ಹಮಿನ ನೋಟು ಚಾಚಿದರು.

"ಎಂತ ಇದು?"

"ನೀರಿಗೆ."

"ನೀರಿಗಾ? ನಿಮ್ಮ ಅಮ್ಮ ಮನೆಯಲ್ಲಿ ಬಿಲ್ ಕೊಡ್ತಾರಾ?"

ಅವರು ಬಿಡಲಿಲ್ಲ. ನೋಟನ್ನು ಲೋಟದ ಕೆಳಗೆ ತುರುಕಿ, ಹಲಗೆ ದಾಟಿ ಬೇಗ ಬೇಗ ನಡೆದರು. ದೊಡ್ಡಮ್ಮ ಬಟ್ಟೆ ಅಳೆಯುವ ಮರದ ಸ್ಕೇಲ್ ಹಿಡಿದು ಬರಿಗಾಲಲ್ಲಿ ಹಿಂದೆ ಓಡಿದರು. ಅವರೂ ಓಡಿದರು. ಧಕ್ಕೆಯ ಜನ ಎದ್ದು ನಿಂತು ನೋಡಿದರು. ಸುಮಂತ್, "ಯಲ್ಲಾ ಅಪ್ಪಿಯಕ್ಕ, ಯಲ್ಲಾ!" ಎಂದು ಹುರಿದುಂಬಿಸಿ ಸೀಟಿ ಹೊಡೆದ. ಐವತ್ತೈದರ (ಇದು ಅವರು ತಿದ್ದಿದ ಪ್ರಾಯ) ದೊಡ್ಡಮ್ಮ ಮೂರನೆಯ ಲೈಟು ಕಂಬದ ಬಳಿ ಅವರನ್ನು ಹಿಡಿದರು. ನೋಟನ್ನು ಅವರ ಅಂಗಿಯ ಕಿಸೆಗೆ ಹಾಕಿ, ಮತ್ತೆ ತೆಗೆಯಬಾರದೆಂದು ತಮ್ಮ ಸೀರೆಯ ಪಿನ್ನು ತೆಗೆದು ಕಿಸೆಯ ಬಾಯಿಗೆ, ನೋಟನ್ನೂ ಸೇರಿಸಿ, ಚುಚ್ಚಿದರು. ಕಿಸೆಯ ಮೂಲೆ ಹೊಲಿಗೆ ಬಿಟ್ಟಿರುವುದನ್ನು ಕಂಡು, "ಇದನ್ನೂ ಆಮೇಲೆ ತನ್ನಿ" ಎಂದರು.

ತಿಂಗಳು ಮುಗಿಯಲು ಮೂರು ದಿನ ಇರುವಾಗ ಮೇಡಂ ಬಂದರು. ಫೈಲು ತೆರೆದರು. ಒಳಗೆ ನನ್ನ ಕಾಗದ, ಅದರ ಮೇಲೆ ಆ ಐದರ ನೋಟು, ನಮ್ಮ ಪಿನ್ನಿನ ಸಮೇತ.

"ಆ ಬಿಳಿ ಟೋಪಿಯವರು ನಮ್ಮ ಆಫೀಸಿನವರು" ಎಂದರು ಮೇಡಂ. "ಇಷ್ಟು ವರ್ಷದಲ್ಲಿ ಯಾರೂ ಅವರನ್ನು ದುಡ್ಡು ವಾಪಸು ಕೊಡಲು ಓಡಿಸಿರಲಿಲ್ಲವಂತೆ." ಪಿನ್ನನ್ನು ಬಿಡಿಸಿ ದೊಡ್ಡಮ್ಮನಿಗೆ ಕೊಟ್ಟರು. ಅನುಮತಿ ಸಿಕ್ಕಿತು. ಹದಿನೇಳನೆಯ ಉತ್ತರವನ್ನು ನಾನೇ ತಿದ್ದಿ ಸಹಿ ಹಾಕಿದೆ. ಎರಡು ಷರತ್ತು. ಬೆಲ್ಲ ಬಿಗಿ ಮುಚ್ಚಳದ ಬರಣಿಯಲ್ಲಿ ಇರಬೇಕು. ನೀರು ಮಾರಾಟಕ್ಕಲ್ಲ ಎಂದು ಬೋರ್ಡು ಹಾಕಬೇಕು.

ಆಮೇಲೆ ಮೇಡಂ ಚೀಲದಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದು, ಖರ್ಜೂರ ಮುಂದೆ ಹಿಡಿದರು. "ನಮ್ಮಲ್ಲಿ ಇದು" ಎಂದರು.

ದೊಡ್ಡಮ್ಮ ಹಿಂದೆ ಸರಿದು ಕೈ ಮುಗಿದರು. "ಬೇಡ ಮೇಡಂ. ನಾನು ಅರ್ಜಿ ಹಾಕಿದವಳು. ಆಫೀಸಿನವರಿಂದ ಏನೂ ತೆಗೆದುಕೊಳ್ಳುವ ಹಾಗಿಲ್ಲ."

ಮೇಡಂ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಯಾವುದು ಅಮ್ಮ? ಜಗಳವಾ, ಹೊಟ್ಟೆಯಾ?" ಎಂದರು. ದೊಡ್ಡಮ್ಮ ಎರಡು ತೆಗೆದುಕೊಂಡರು. ಕಾಕ ಮೂರು.

ಬೋರ್ಡನ್ನು ಅಂಗಡಿಯಲ್ಲಿ ಬರೆಸುವ ಎಂದು ಕಾಕ ಹೇಳಿದರು. ದೊಡ್ಡಮ್ಮ ಒಪ್ಪಲಿಲ್ಲ, ಇವಳೇ ಬರೆಯಲಿ ಎಂದರು. ಅರಬಿಯದ್ದನ್ನು ಲಿಯೊನೆಲ್ ಅಂಕಲ್ ಅಚ್ಚು ಮಾಡಿಸಿ ಕೊಟ್ಟಿದ್ದಾರೆ. ಇಂಗ್ಲಿಷ್ ಮತ್ತು ಕನ್ನಡದ ಸಾಲುಗಳು ಬಾಕಿ ಇವೆ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಧಕ್ಕೆಗೆ ಹೋಗುತ್ತೇನೆ. ಮರದ ಸ್ಕೇಲ್ ಇಟ್ಟು ಗೆರೆ ಎಳೆದು, ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಪೇಂಟ್ ಹಚ್ಚುತ್ತೇನೆ.